ಗೊತ್ತಿದ್ದೂ ಕುಡಿದ ಜ್ಯೂಸು

ಡಯಾಲಿಸಿಸ್ ವಾರ್ಡಿನ ಹೊರಗೆ ಕುಳಿತವರು ಒಬ್ಬರನ್ನೊಬ್ಬರು ಮಾತನಾಡಿಸಲೇಬೇಕು. ಅಲ್ಲಿನ ಟಿವಿಗೆ ಧ್ವನಿಯಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಹೋದ ವಾರ ತಾಜಸುಲ್ತಾನಪುರದಿಂದ ಗಂಡನನ್ನು ಮೊದಲ ಸಲ ಕರೆತಂದಿದ್ದ ಹೆಂಗಸೊಬ್ಬರು ನನ್ನ ಪಕ್ಕಕ್ಕೆ ಸರಿದು ಕುಳಿತು ಕೇಳಿದರು: "ಅಕ್ಕಾರ, ಹಣ್ಣಿನ ಜ್ಯೂಸ್ ಕುಡದ್ರ ತಲಿ ಚುರುಕ ಆಗ್ತದಂತ, ಟೆನ್ಷನ್ ಇಳೀತದಂತ. ನಮ್ಮನಿಯವ್ರು ಭಾಳ ಟೆನ್ಷನ್ ತಗೋತಾರ. ಕೊಡ್ಲೇನ್ರಿ?"

"ಡಾಕ್ಟರಿಗೆ ಕೇಳದ ಒಂದ್ ಹನಿನೂ ಕೊಡಬ್ಯಾಡ್ರಿ," ಎಂದೆ. ನನ್ನ ದನಿ ಎಷ್ಟು ಗಡುಸಾಗಿತ್ತೆಂದರೆ ಅವರು ಸೆರಗು ಸರಿಪಡಿಸಿಕೊಂಡು ಬೆಂಚಿನ ಆಚೆ ತುದಿಗೆ ಹೋಗಿಬಿಟ್ಟರು. ಪಾಪ, ಅವರದೇನು ತಪ್ಪು? ಅವರ ಪ್ರಶ್ನೆಗೆ ನನ್ನಲ್ಲಿದ್ದ ಉತ್ತರ ಬಹಳ ಉದ್ದದ್ದು. ಬೆಂಚಿನ ಮೇಲೆ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಕಲಬುರಗಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಹೆಸರು ಮಹಾದೇವಿ. ಮನೆ ಖೂಬಾ ಪ್ಲಾಟಿನಲ್ಲಿ, ತವರು ಕಮಲಾಪುರ. ಗಂಡ ಶರಣಪ್ಪ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಮಗಳು ಪೂಜಾ ಆಗ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಹದಿನೆಂಟು ವರ್ಷ ಅಂಕಪಟ್ಟಿ ತುಂಬಿದವಳು ನಾನು. ನನ್ನ ಟೇಬಲ್ಲಿನಿಂದ ಹೋದ ಕಾಗದವನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎನ್ನಿ.

ನಲವತ್ಮೂರನೆಯ ವಯಸ್ಸಿಗೆ ಅಂಕಿಗಳು ಕೈಕೊಡತೊಡಗಿದವು. ಅರವತ್ತೇಳು ಓದಿ ಎಪ್ಪತ್ತಾರು ಬರೆದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಬಂದೆ. ಒಂದು ದಿನ ಪಾಸಾದ ಹುಡುಗಿಯನ್ನು ಫೇಲು ಮಾಡಿಬಿಟ್ಟೆ. ಅವಳು ನನ್ನ ಟೇಬಲ್ಲಿನ ಮುಂದೆ ನಿಂತು ಅತ್ತಳು. ಪ್ರಾಂಶುಪಾಲರು ಕರೆಸಿ, "ಮನ್ಯಾಗ ಏನರ ಟೆನ್ಷನ್ ಅದ ಏನ್ರಿ ಮೇಡಂ?" ಎಂದು ಕೇಳಿದರು. ಸಿಟ್ಟು ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಮೆತ್ತಗೆ ಕೇಳಿದ್ದೇ ನನಗೆ ಅವಮಾನವಾಯಿತು.

ಟೆನ್ಷನ್ ಎಂದೇ ನಾನೂ ಹೇಳಿಕೊಂಡು ತಿರುಗಿದೆ. ಬಾಯಿಯಲ್ಲಿ ಸದಾ ಕಬ್ಬಿಣ ನೆಕ್ಕಿದ ರುಚಿ, ಮೈ ತುರಿಕೆ, ಸಂಜೆಗೆ ಚಪ್ಪಲಿ ಬಿಗಿಯಾಗುವುದು, ಎಲ್ಲಕ್ಕೂ ಅದೊಂದೇ ಹೆಸರು. ಮನೆಯ ಹತ್ತಿರದ ಡಾಕ್ಟರು ಶಕ್ತಿಯ ಗುಳಿಗೆ ಕೊಟ್ಟರು. ಇನ್ನೊಬ್ಬರು ಯೋಗ ಮಾಡಿ ಎಂದರು. ಮೂರನೆಯವರು ರಕ್ತ ತಪಾಸಣೆ ಬರೆದುಕೊಟ್ಟರು, ರಿಪೋರ್ಟು ನೋಡಿ ತಾವೇ ಎದ್ದು ನಿಂತು ಕಿಡ್ನಿ ಡಾಕ್ಟರಿಗೆ ಫೋನು ಮಾಡಿದರು. ಅವರು ಎದ್ದದ್ದು ನೋಡಿ ನಾನೂ ಎದ್ದು ನಿಂತೆ.

ಕಿಡ್ನಿ ಡಾಕ್ಟರ ಬಾಗಿಲ ಮುಂದೆ ಮೂರು ತಾಸು ಕುಳಿತೆವು. ಎದುರಿಗೆ ಮುದುಕರೊಬ್ಬರು ತಮ್ಮ ಫೈಲನ್ನು ಮಡಿಲಲ್ಲಿಟ್ಟುಕೊಂಡು ಮಗುವನ್ನು ತಟ್ಟುವಂತೆ ತಟ್ಟುತ್ತಿದ್ದರು. ನಮ್ಮ ಫೈಲಿನಲ್ಲಿ ಆಗ ಎರಡೇ ಹಾಳೆ. ಒಳಗೆ ಕರೆದಾಗ ಡಾಕ್ಟರು, ನಮಗಿಂತ ಚಿಕ್ಕವರು, ರಿಪೋರ್ಟನ್ನು ಎರಡು ಸಲ ನೋಡಿ, "ಎರಡೂ ಕಿಡ್ನಿ ಭಾಳ ದಣದಾವ್ರಿ," ಎಂದರು.

"ಯಾವಾಗ ಸುಧಾರಸ್ತಾವ್ರಿ?" ಎಂದರು ನನ್ನ ಗಂಡ.

"ಸುಧಾರಸೂದಿಲ್ರಿ. ಇದ್ದಷ್ಟು ಉಳಿಸ್ಕೋಬೇಕು."

ಗುಳಿಗೆಗಳ ಜೊತೆ ಒಂದು ಹಾಳೆ ಕೊಟ್ಟರು. ಅದರ ತುಂಬ ಹಣ್ಣು ತರಕಾರಿಗಳ ಚಿತ್ರ, ಬಹಳಷ್ಟಕ್ಕೆ ಕೆಂಪು ಗೀಟು. ಮೋಸಂಬಿ, ಕಿತ್ತಳೆ, ದಾಳಿಂಬೆ, ಎಳನೀರು, ಬಾಳೆಹಣ್ಣು. "ತವರು ಕಮಲಾಪುರ ಅಂದ್ರಿ? ಹಂಗಿದ್ರ ನಿಮ್ಮೂರ ಕೆಂಪ ಬಾಳಿಹಣ್ಣ ಮೊದಲ ಮರೀರಿ. ಜ್ಯೂಸಂತೂ ಬ್ಯಾಡೇ ಬ್ಯಾಡ," ಎಂದು ಬೆರಳಿಟ್ಟು ತೋರಿಸಿದರು. ಎಲ್ಲವೂ ನನಗೆ ಸ್ಪಷ್ಟವಾಗಿ ಅರ್ಥವಾಗಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಯಾರೂ ನನ್ನನ್ನು ಅರಿಯದವಳೆಂದು ಮನ್ನಿಸಬಾರದು. ದಾರಿಯಲ್ಲಿ ಸಿಗ್ನಲ್ ಹಸಿರಾದರೂ ನನ್ನ ಗಂಡ ಗಾಡಿ ಹೊರಡಿಸಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದರು. ಮನೆಗೆ ಬಂದು ಆ ಹಾಳೆಯನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗಿಟ್ಟೆ.

ಅವ್ವನಿಗೆ ಹೇಳುವುದು ಹೇಗೆ? ಕಮಲಾಪುರದ ನಮ್ಮ ಮನೆಯಲ್ಲಿ ಕಿಡ್ನಿ ಎಂಬ ಮಾತನ್ನೇ ಎತ್ತುವುದಿಲ್ಲ. ಅವ್ವನ ತಮ್ಮ, ಅವಳೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ನಮ್ಮ ಮಾಮ, ಅದೇ ರೋಗದಲ್ಲಿ ಹೋದ. ಸೊಲ್ಲಾಪುರಕ್ಕೆ ಒಯ್ದರು, ನಾಲ್ಕು ತಿಂಗಳಿಗೆ ಮರಳಿ ತಂದರು. ಅಂದಿನಿಂದ ಯಾರದಾದರೂ ಸುದ್ದಿ ಬಂದರೆ, "ಕಿಡ್ನಿ ಅಂದ ಮ್ಯಾಲ ಮುಗೀತು ಬಿಡು," ಎಂದು ಅವ್ವ ಎದ್ದು ಒಳಗೆ ಹೋಗುತ್ತಾಳೆ. ಅಂಥವಳಿಗೆ ಫೋನಿನಲ್ಲಿ ಹೇಗೆ ಹೇಳಲಿ?

"ಆಫೀಸಿನ ಟೆನ್ಷನ್ ಅವ್ವ," ಎಂದೆ. "ತಲಿ ಮಬ್ಬ ಹಿಡದಂಗ ಆಗ್ಯಾದ. ಮರವು ಭಾಳ ಆಗ್ಯಾದ."

ಪಕ್ಕದಲ್ಲಿದ್ದ ಗಂಡ, "ಖರೇ ಹೇಳಿಬಿಡು," ಎಂದು ಸನ್ನೆ ಮಾಡಿದರು. ಇನ್ನೆರಡು ದಿನ ಬಿಡಿ ಎಂದು ನಾನೂ ಸನ್ನೆ ಮಾಡಿದೆ. ಆ ಎರಡು ದಿನ ಏಳು ವಾರವಾಯಿತು.

ಫೋನು ಮಾಡಿದ ಮರುದಿನ ಬೆಳಗಿನ ಬಸ್ಸಿಗೇ ಅವ್ವ ಬಂದಿಳಿದಳು. ಹೆಗಲಿಗೆ ಚೀಲ, ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಕೆಂಪು ಬಾಳೆಹಣ್ಣು; ನನ್ನ ಅಣ್ಣನ ತೋಟದ್ದು. ಮಗಳ ಟೆನ್ಷನ್ ಇಳಿಸುವ ತನಕ ಊರಿಗೆ ಹೋಗುವುದಿಲ್ಲವೆಂದು ಹೇಳಿಯೇ ಬಂದಿದ್ದಳು. ಪರೀಕ್ಷೆಯ ವರ್ಷವೆಂದು ಪೂಜಾಳಿಗೂ ನಾವು ರೋಗದ ಮಾತು ಹೇಳಿರಲಿಲ್ಲ; ಅಂದು ಸಂಜೆ ಅವಳು ಅಜ್ಜಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ದಿನಾ ಬೆಳಿಗ್ಗೆ ಹಣ್ಣಿನ ಜ್ಯೂಸ್ ಕುಡಿದರೆ ಮೆದುಳು ಚುರುಕಾಗುತ್ತದೆ, ನೆನಪು ಹೆಚ್ಚುತ್ತದೆ, ಮನಸ್ಸು ತಣ್ಣಗಾಗುತ್ತದೆ ಎಂದು ಒಬ್ಬ ಮನುಷ್ಯ ನಗುನಗುತ್ತ ಹೇಳುತ್ತಿದ್ದ. ಅವ್ವ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು.

"ಎಲ್ಲಾ ನಂಬಬಾರದವ್ವ," ಎಂದೆ.

"ಬಿಳಿ ಕೋಟ್ ಹಾಕ್ಕೊಂಡಾನ. ಸುಳ್ಳ ಯಾಕ ಹೇಳ್ತಾನ?"

ಬೆಳಿಗ್ಗೆ ಆರಕ್ಕೆ ಮಿಕ್ಸರಿನ ಸದ್ದಿಗೆ ಎಚ್ಚರವಾಯಿತು. ಎರಡು ಮೋಸಂಬಿ ಹಿಂಡಿದ ರಸ, ಒಂದು ಕೆಂಪು ಬಾಳೆಹಣ್ಣು, ಒಂದು ಚಮಚ ಜೇನು. ಪೂಜಾಳಿಗೂ ಒಂದು ಗ್ಲಾಸು. "ಮರವು ಮಮ್ಮಿಗ ಅಜ್ಜಿ, ನಂಗ್ಯಾಕ?" ಎಂದು ಅವಳು ಗೊಣಗಿದರೆ, "ಪರೀಕ್ಷಾ ಯಾರಿಗವ? ನನಗ?" ಎಂದು ಅವ್ವ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಮುಂದೆ ಬಂದು ನಿಂತಳು.

ಬಾಯಲ್ಲಿ ಬಿಸಿ ತುಪ್ಪ ಎನ್ನುತ್ತಾರಲ್ಲ, ನುಂಗಲೂ ಆಗದು ಉಗುಳಲೂ ಆಗದು, ಹಾಗಾಯಿತು ನನಗೆ. ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ಇಷ್ಟವಿಲ್ಲ ಎನ್ನಲು ನಾನು ಅದೇ ಬಾಳೆಹಣ್ಣು ತಿಂದು ಬೆಳೆದವಳು. ನೆಗಡಿ ಎಂದರೆ ಬಿಸಿ ಮಾಡಿ ತಂದಾಳು. ಒಂದು ಗ್ಲಾಸಿನಿಂದ ಏನಾದೀತು ಎಂದು ಕುಡಿದೆ. ಕಬ್ಬಿಣದ ರುಚಿಯಷ್ಟೇ ತಿಳಿದಿದ್ದ ಬಾಯಿಗೆ ತಿಂಗಳುಗಳ ಮೇಲೆ ಸಿಹಿ ತಾಕಿತು, ಕಣ್ಣಲ್ಲಿ ನೀರು ಬಂತು. ಅವ್ವ ಅದನ್ನು ಜ್ಯೂಸಿನ ಗುಣವೆಂದುಕೊಂಡಳು.

ಈಗ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಜ್ಯೂಸು ಕೆಲಸ ಮಾಡಿತು. ಅಥವಾ ಹಾಗೆ ಕಂಡಿತು. ಅವ್ವ ಗ್ಲಾಸು ಕೊಟ್ಟು, ಅರ್ಧ ತಾಸು ತಲೆಗೆ ಎಣ್ಣೆ ಹಚ್ಚಿ, ಕಮಲಾಪುರದ ಮದುವೆ ಜಗಳಗಳ ಸುದ್ದಿ ಹೇಳಿ, ಬಾಗಿಲ ತನಕ ಬಂದು ಕಳಿಸುತ್ತಿದ್ದಳು. ಕಚೇರಿಯಲ್ಲಿ ಮೊದಲ ಎರಡು ವಾರ ನನ್ನಿಂದ ತಪ್ಪುಗಳು ಕಡಿಮೆಯಾದವು. ಪ್ರಾಂಶುಪಾಲರು, "ಈಗ ಆರಾಮ ಕಾಣ್ತೀರಿ ನೋಡ್ರಿ," ಎಂದರು. ಅದು ಹಣ್ಣಿನಿಂದಲೋ, ಗುಳಿಗೆಯಿಂದಲೋ, ಎಣ್ಣೆ ಹಚ್ಚಿದ ಕೈಯಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವನಿಗೆ ಮಾತ್ರ ಸಂಶಯವೇ ಇರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಜ್ಯೂಸು ಮಾಡುವುದನ್ನು ಹೇಳಿಕೊಟ್ಟಳು.

ನನ್ನ ಗಂಡ ಬೆಳಗಿನ ಪಾಳಿಗೆ ಐದಕ್ಕೇ ಮಿಲ್ಲಿಗೆ ಹೋಗುತ್ತಿದ್ದರು, ಹಾಗಾಗಿ ಅವರಿಗೆ ಗೊತ್ತಾಗಲು ಮೂರು ವಾರ ಹಿಡಿಯಿತು. ಗೊತ್ತಾದ ದಿನ ನನ್ನನ್ನು ಮಾಳಿಗೆಗೆ ಕರೆದೊಯ್ದು, "ನಿನಗ ತಲಿ ಅದ ಏನ? ನಿಮ್ಮವ್ವಗ ನಾನ ಹೇಳ್ತೀನಿ," ಎಂದರು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಕುಡಿಯುವುದು ಬಿಡುತ್ತೇನೆ, ಹೇಳುವುದು ನನಗೇ ಬಿಡಿ ಎಂದೆ. ಬಿಟ್ಟೆನೆಂದೇ ಅವರು ತಿಳಿದರು. ನಿಜವಾಗಿಯೂ ಎರಡು ಸಲ ಮೋರಿಗೆ ಸುರಿದೆ. ಎರಡನೆಯ ಸಲ ಅವ್ವ ನೋಡಿದಳು. ರುಚಿ ಸಾಲಲಿಲ್ಲವೇನೋ ಎಂದು ಮರುದಿನ ಜೇನು ಹೆಚ್ಚು ಹಾಕಿದಳು. ಅದನ್ನು ಪೂರ್ತಿ ಕುಡಿದೆ, ಮುಂದಿನದನ್ನೂ ಕುಡಿದೆ.

ಏಳನೆಯ ವಾರದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ಕಾಲು ಏಳಲಿಲ್ಲ. ನೋವಿಲ್ಲ, ಜೋಮಿಲ್ಲ, ಸುಮ್ಮನೆ ಮಾತು ಕೇಳುತ್ತಿಲ್ಲ. ಎದೆ ಒಮ್ಮೆ ಬಡಿದು, ಬಹಳ ಹೊತ್ತು ಯೋಚಿಸಿ, ಮತ್ತೊಮ್ಮೆ ಬಡಿಯುತ್ತಿತ್ತು. ಪೂಜಾ ಕೂಗಿ ಪಕ್ಕದ ಮನೆಯವರನ್ನು ಕರೆದಳು. ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ನನ್ನ ತಲೆ ಅವ್ವನ ತೊಡೆಯ ಮೇಲಿತ್ತು. ಕೈಯಲ್ಲಿ ಅವ್ವ ಒಂದು ಸ್ಟೀಲ್ ಬಾಟಲಿ ಹಿಡಿದಿದ್ದಳು. ಅಂದಿನ ಜ್ಯೂಸು. ನಾನಿನ್ನೂ ಕುಡಿದಿರಲಿಲ್ಲವಲ್ಲ, ಅದಕ್ಕೆ.

ತುರ್ತು ವಾರ್ಡಿನಲ್ಲಿ ಎದೆಗೆ ವೈರು ಅಂಟಿಸಿದರು, ಕೈಗೆ ಸೂಜಿ ಹಾಕಿದರು, ಯಾರೋ ಓಡಿದರು. ನನ್ನ ಹಳೆಯ ರಿಪೋರ್ಟುಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಡಾಕ್ಟರು, "ಏನ್ ತಿಂದಾರ? ಏನ್ ಕುಡದಾರ?" ಎಂದು ಕೇಳಿದರು. ಅವ್ವ ಮುಂದೆ ಬಂದಳು.

"ಇವತ್ತ ಏನೂ ಕುಡದಿಲ್ರಿ. ಜ್ಯೂಸ್ ತಂದೀನಿ, ನಾಕ ಗುಟುಕ ಕುಡಸ್ಲೇನ್ರಿ? ದಿನಾ ಇದನ್ನ ಕೊಡ್ತೀನಿ. ಭಾಳ ಛಲೋ ಆಗಿದ್ಲು."

ಡಾಕ್ಟರು ಬಾಟಲಿ ತೆಗೆದು ಮೂಸಿದರು. "ಏನೇನ್ ಹಾಕೀರಿ?"

ಅವ್ವ ಹೇಳಿದಳು. ಮೋಸಂಬಿ ಎಷ್ಟು, ಬಾಳೆಹಣ್ಣು ಎಂಥದ್ದು, ಜೇನು ಎಲ್ಲಿಂದ ತಂದದ್ದು. ಹೊಗಳಿಸಿಕೊಳ್ಳಲು ನಿಂತವಳಂತೆ ಹೇಳಿದಳು. ಆ ಮುಖ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ.

"ಕಿಡ್ನಿ ಹೋದಾಕಿಗೆ ಇದನ್ನ ಕೊಡ್ತಾರೇನಮ್ಮಾ?" ಎಂದರು ಡಾಕ್ಟರು. "ಹಣ್ಣಿನ್ಯಾಗಿನ ಪೊಟ್ಯಾಸಿಯಂ ರಕ್ತದಾಗ ಏರ್ಯಾದ. ಎದಿ ನಿಂತ ಹೋಗ್ತಿತ್ತು."

ಅವ್ವನಿಗೆ ನನ್ನ ರೋಗದ ಹೆಸರು ತಿಳಿದದ್ದು ಹೀಗೆ. ಡಾಕ್ಟರ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ತಿರುಗಿಸತೊಡಗಿದಳು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ನನಗೆ ಪೂರ್ತಿ ಎಚ್ಚರವಿತ್ತು. 'ಅವ್ವಗ ಗೊತ್ತಿಲ್ರಿ, ನಾನ ಮುಚ್ಚಿಟ್ಟೀನಿ' ಎಂದು ನಾಲ್ಕು ಮಾತು ಆಡಿದ್ದರೆ ಸಾಕಿತ್ತು. ಬಾಯಿಗೆ ಆಕ್ಸಿಜನ್ ಮಾಸ್ಕ್ ಇತ್ತು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿದ್ದೇನೆ. ಒಂದು ಬೆರಳಿಂದ ಸರಿಸಬಹುದಾದ ಮಾಸ್ಕ್ ಅದು. ನಾನು ಹೆದರಿದೆ, ಅಷ್ಟೇ.

ಅಂದೇ ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡಿದರು. ಬದುಕಿದೆ. ಹೊರಗೆ ಕಾರಿಡಾರಿನಲ್ಲಿ ಯಾರೋ ಅಪರಿಚಿತರು ಅವ್ವನಿಗೆ, "ಅತಿಯಾದರೆ ಅಮೃತವೂ ವಿಷ ಅಂತಾರಲ್ಲವ್ವ, ಅಷ್ಟೂ ಗೊತ್ತಾಗ್ಲಿಲ್ಲೇನ?" ಎಂದರಂತೆ. ಗಾದೆ ಹೇಳುವವರಿಗೆ ಆಸ್ಪತ್ರೆಯಲ್ಲಿ ಪ್ರವೇಶವೇ ಇರಬಾರದು. ನಾಲ್ಕನೆಯ ದಿನ ಅವ್ವ ಕಿಡ್ನಿ ಡಾಕ್ಟರ ಕೋಣೆಗೆ ಒಬ್ಬಳೇ ಹೋಗಿ, "ನಂದ ಎರಡೂ ತಗೋರಿ," ಎಂದಳು. ಅವರು ಸಮಾಧಾನದಿಂದ ಕೂಡಿಸಿ, ನಿಮಗೆ ಸಕ್ಕರೆ ಕಾಯಿಲೆ ಇದೆ, ನಿಮ್ಮದು ಬರುವುದಿಲ್ಲ ಎಂದು ತಿಳಿಸಿ ಹೇಳಿದರು. ಜ್ಯೂಸಿನಿಂದ ಕಿಡ್ನಿ ಹೋಗಿಲ್ಲ, ಅವು ಮೊದಲೇ ಹೋಗುತ್ತಿದ್ದವು, ಇಂದಲ್ಲ ನಾಳೆ ಡಯಾಲಿಸಿಸ್ ಬರುತ್ತಿತ್ತು ಎಂದೂ ಹೇಳಿದರು. "ಹೌದೇನ್ರಿ," ಎಂದಳಂತೆ ಅವ್ವ.

ಮನೆಗೆ ಬಂದ ಮೇಲೆ ಅವ್ವ ಮಿಕ್ಸರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿಸಿದಳು. ನಾನು ಊಟಕ್ಕೆ ಕುಳಿತರೆ, "ಪೂಜಾ, ನಿಮ್ಮವ್ವಗ ನೀಡು," ಎಂದು ತಾನು ಹೊರಗಿನ ಕಟ್ಟೆಗೆ ಹೋಗುವಳು. ಗುಳಿಗೆ ನುಂಗಲು ನೀರು ಕೇಳಿದರೂ ಮೊಮ್ಮಗಳನ್ನು ಕರೆಯುವಳು. ನಲವತ್ಮೂರು ವರ್ಷ ನನಗೆ ಉಣಿಸಿದ ಕೈ ನನ್ನ ತಟ್ಟೆಯ ಕಡೆ ಬರುವುದೇ ನಿಂತಿತು. ಹದಿನೈದು ದಿನಕ್ಕೆ ಕಮಲಾಪುರಕ್ಕೆ ಹೊರಟುಹೋದಳು. ಆದರೆ ಸೋಮವಾರ, ಗುರುವಾರ ನನ್ನ ಡಯಾಲಿಸಿಸ್ ದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ತವರಿನಿಂದ ಬರಿಗೈಯಲ್ಲಿ ಬರುವ ತಾಯಿ ಯಾರು? ನನ್ನ ಅವ್ವ ಬರುತ್ತಿದ್ದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತು, ನಾಲ್ಕು ತಾಸು ನನ್ನ ರಕ್ತ ಮಷಿನ್ನಿನೊಳಗೆ ಹೋಗಿ ಬರುವುದನ್ನು ನೋಡುತ್ತಿದ್ದಳು.

ಆರು ತಿಂಗಳು ಹೀಗೇ ನಡೆಯಿತು. ನಮ್ಮ ವಾರ್ಡಿನ ಟೆಕ್ನೀಷಿಯನ್ ಅನ್ವರ್ ಒಳ್ಳೆಯ ಮನುಷ್ಯ. ಸೂಜಿ ಹಾಕುವ ಮೊದಲು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾನೆ, "ಫಿಕರ್ ನಕ್ಕೊ ಕರೋ ಅಕ್ಕಾ," ಚಿಂತೆ ಮಾಡಬೇಡಿ, ಎನ್ನುತ್ತಾನೆ. ಅವನೇ ಒಂದು ದಿನ ಹೇಳಿದ, ಮಷಿನ್ ಶುರುವಾದ ಮೊದಲ ತಾಸಿನಲ್ಲಿ ಕೆಲವರಿಗೆ ಒಂದು ಚೂರು ಹಣ್ಣು ತಿನ್ನಲು ಡಾಕ್ಟರು ಬಿಡುತ್ತಾರೆ, ಏರಿದ್ದನ್ನು ಮಷಿನ್ನೇ ಸೋಸಿ ತೆಗೆಯುತ್ತದೆ ಎಂದು. ಕೇಳಿದೆ. ರಿಪೋರ್ಟು ನೋಡಿ, ಎರಡು ಬೆರಳಿನಷ್ಟು ಬಾಳೆಹಣ್ಣು, ಅದೂ ಅನ್ವರ್ ಮುಂದೆಯೇ ತಿನ್ನಬೇಕು ಎಂದು ಡಾಕ್ಟರು ಒಪ್ಪಿದರು. ನಾನು ಕುಣಿಯುವುದೊಂದು ಬಾಕಿ. ಹಣ್ಣಿನ ಆಸೆ ಇತ್ತು, ಸುಳ್ಳು ಯಾಕೆ. ಆದರೆ ಅದಕ್ಕಿಂತ ದೊಡ್ಡ ಆಸೆ, ಅದನ್ನು ಅವ್ವ ಕೊಡಲಿ ಎಂಬುದು.

ನನ್ನ ಗಂಡ ಅಣ್ಣನ ತೋಟದ ಹಣ್ಣು ತರಿಸಿದರು. ಅನ್ವರ್ ಅಳತೆ ಮಾಡಿ ಕೊಯ್ದು, ಕಾಗದದ ಮೇಲಿಟ್ಟು ಅವ್ವನ ಮುಂದೆ ಹಿಡಿದ. "ಅವ್ವಾ, ಡಾಕ್ಟರ್ ಸಾಬ್ ಹೇಳ್ಯಾರ. ನೀವ ತಿನಸ್ರಿ ಮಗಳಿಗೆ."

ಅವ್ವ ಸ್ಟೂಲಿನಿಂದ ಎದ್ದು ಗೋಡೆಗೆ ಸರಿದಳು. "ನನ್ನ ಕೈಲೆ ಬ್ಯಾಡಪಾ," ಎಂದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನೀನ ಕೊಡು. ನನ್ನ ಕೈ ಛಲೋ ಅಲ್ಲ."

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಎಂಟು ಹಾಸಿಗೆಯ ಜನ ಕೇಳುತ್ತಿದ್ದರೂ ಹೇಳಿಬಿಟ್ಟೆ. "ಅವ್ವ, ನಿನ್ನ ತಪ್ಪಿಲ್ಲ. ನನಗ ಗೊತ್ತಿತ್ತು. ಜ್ಯೂಸ್ ಕುಡೀಬಾರದು ಅಂತ ಡಾಕ್ಟರು ಮೊದಲ ಹೇಳಿದ್ರು. ಹಾಳಿ ಸೈತ ಕೊಟ್ಟಿದ್ರು. ನಾನ ಮುಚ್ಚಿಟ್ಟೆ." ಇಷ್ಟು ಹೇಳಿದರೆ ಅವಳ ಎದೆಯ ಭಾರ ಇಳಿದೀತು, ಕೈ ಹೊರಗೆ ಬಂದೀತು ಎಂದುಕೊಂಡಿದ್ದೆ. ನಾನು ಎಂಥ ದಡ್ಡಿ.

ಅವ್ವ ಗೋಡೆ ಬಿಟ್ಟು ಹಾಸಿಗೆಯ ಹತ್ತಿರ ಬಂದಳು. "ಮೊದಲನೇ ದಿನಾನ ಗೊತ್ತಿತ್ತ?"

"ಹೂಂ."

"ಜೇನ ಹೆಚ್ಚ ಹಾಕಿ ಕೊಟ್ಟಾಗೂ?"

"ಹೂಂ ಅವ್ವ."

"ತಿಳೀದ ಮಾಡೀನಿ, ಕ್ಷಮಾ ಮಾಡು ಅಂತ ದಿನಾ ದೇವರ ಮುಂದ ಹೇಳ್ಕೊಂತ ಬಂದೆ," ಎಂದಳು. ದನಿ ಏರಲಿಲ್ಲ. "ನೀ ತಿಳದ ತಿಳದ, ನನ್ನ ಮಾರಿ ನೋಡ್ಕೊಂತ ಕುಡದಿ. ನೀ ಹೋಗಿದ್ರ ಯಾರ ಕೈಲೆ ಹೋದಂಗ ಆಗ್ತಿತ್ತು, ಮಾದೇವಿ?"

ಅವಳನ್ನು ನೋವಿನಿಂದ ಕಾಪಾಡುತ್ತಿದ್ದೇನೆ ಎಂದು ನಂಬಿದ್ದೆ. ನಾನು ಕಾಪಾಡಿಕೊಂಡದ್ದು ನನ್ನನ್ನು, ಅವಳ ಅಳುವನ್ನು ನೋಡುವ ಕಷ್ಟದಿಂದ. ಆ ಹಣ್ಣಿನ ಚೂರನ್ನು ಯಾರೂ ತಿನ್ನಲಿಲ್ಲ. ಕಪ್ಪಾದ ಮೇಲೆ ಅನ್ವರ್ ಒಯ್ದು ಚೆಲ್ಲಿದ.

ಈ ರೋಗದ ಜೊತೆ ಬದುಕುವುದನ್ನು ಈಗ ಕಲಿತಿದ್ದೇನೆ. ದಿನಕ್ಕೆ ಇಷ್ಟೇ ನೀರು ಎಂಬುದು ರೂಢಿಯಾಗಿದೆ. ಕಚೇರಿಯಲ್ಲಿ ಅಂಕಪಟ್ಟಿಯ ಕೆಲಸ ಬೇರೆಯವರಿಗೆ ಹೋಗಿದೆ. ನನಗೆ ಹಗುರ ಕೆಲಸ ಕೊಟ್ಟಿದ್ದಾರೆ. ತಲೆಯ ಮಬ್ಬು ಬಹಳಷ್ಟು ತಿಳಿಯಾಗಿದೆ. ಹಣ್ಣಿನ ರಸ ಬುದ್ಧಿಗೆ ಒಳ್ಳೆಯದೇ, ಟೆನ್ಷನ್ ಇಳಿಸುತ್ತದೆಯೇ ಎಂದು ಕೇಳುವವರಿಗೆ ನನ್ನ ಮಾತು ಇಷ್ಟೇ: ಕಿಡ್ನಿ ಗಟ್ಟಿಯಿದ್ದರೆ ಕುಡಿಯಿರಿ, ನಾನು ಅಡ್ಡ ಬರುವುದಿಲ್ಲ. ಮೊದಲು ರಕ್ತ ತಪಾಸಣೆ ಮಾಡಿಸಿ. ಮತ್ತೆ, ನಿಮಗೆ ಉಣ್ಣಲು ಕೊಡುವವರಿಗೆ ನಿಮ್ಮ ರೋಗದ ಹೆಸರನ್ನು ನೀವೇ ಹೇಳಿ. ಎಷ್ಟೇ ಕಷ್ಟವಾದರೂ ಬೇರೆಯವರ ಬಾಯಿಂದ ಕೇಳುವಂತೆ ಮಾಡಬೇಡಿ.

ಅವ್ವ ಬರುವುದನ್ನು ಬಿಟ್ಟಿಲ್ಲ. ಸೋಮವಾರ, ಗುರುವಾರ ಬರುತ್ತಾಳೆ, ಊರ ಸುದ್ದಿ ಹೇಳುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಹೊರಡುವ ಮೊದಲು ಹತ್ತಿರ ಬಂದು, "ಇವತ್ತ ಏನರ ಮುಚ್ಚಿಟ್ಟೀ ಏನ?" ಎಂದು ಕೇಳುತ್ತಾಳೆ.

"ಇಲ್ಲವ್ವ," ಎನ್ನುತ್ತೇನೆ. ಈಗ ನಿಜವಾಗಿಯೂ ಏನೂ ಇಲ್ಲ. ಕೆಮ್ಮಿದರೂ ಹೇಳುತ್ತೇನೆ.

ಅವ್ವ ತಲೆಯಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಾಳೆ. ವಾರ್ಡಿನ ಬಾಗಿಲು ಗಾಜಿನದು, ಹಾಸಿಗೆಯ ಮೇಲಿಂದ ಎಲ್ಲ ಕಾಣುತ್ತದೆ. ಅಲ್ಲಿ ನಿಂತು ಅನ್ವರನಿಗಾಗಿ ಕಾಯುತ್ತಾಳೆ. ಅವನು ಬಂದ ಕೂಡಲೇ ಅದೇ ಪ್ರಶ್ನೆಯನ್ನು ಅವನಿಗೆ ಕೇಳುತ್ತಾಳೆ.